ಎಡಗೈ ಗ್ಲೌಸಿನ ಡಬ್ಬ

ಮಾರ್ಚ್ 4, ಸೋಮವಾರ

ಈ ಪುಸ್ತಕ ನನ್ನದಲ್ಲ, ಕಾರ್ಖಾನೆಯದು. ಮುಂದಿನಿಂದ ತೆರೆದರೆ ಗೆರೆ ಹೊಡೆದ ಮನೆಗಳಿವೆ: ತಾರೀಕು, ಬಲಗೈಯೋ ಎಡಗೈಯೋ, ಏನು ದೋಷ, ದೋಷಕ್ಕೆ ಕಾರಣ, ನೋಡಿದವರ ಸಹಿ. ಹೊಸದಾಗಿ ಬಂದಿರುವ, ಸುರಕ್ಷತೆ ನೋಡಿಕೊಳ್ಳುವ ಹುಡುಗಿ ಬೆಳಿಗ್ಗೆ ಇದನ್ನು ನನ್ನ ಕಿಟಕಿಯ ಕಟ್ಟೆಯ ಮೇಲಿಟ್ಟು, ದಿನವೂ ಒಂದೊಂದು ಗ್ಲೌಸನ್ನೂ ನೋಡಿ ತುಂಬಿಸಬೇಕು ಎಂದು ಹೇಳಿ ಹೋದಳು. ಹದಿನಾರು ವರ್ಷ ಗ್ಲೌಸು ತೊಳೆದು, ಒಣಗಿಸಿ, ಕೈಗೆ ಕೊಟ್ಟವಳಿಗೆ ಗ್ಲೌಸು ನೋಡುವುದನ್ನು ಕಲಿಸಲು ಬಂದಿದ್ದಾಳೆ. ಮುಂದಿನ ಕಡೆ ಅವಳಿಗಿರಲಿ. ಪುಸ್ತಕವನ್ನು ಹಿಂದುಮುಂದು ಮಾಡಿ ಈ ಕಡೆಯಿಂದ ನಾನು ನನ್ನ ಮಾತು ಬರೆದುಕೊಳ್ಳುತ್ತೇನೆ.

ಇಂಥ ಸಿಟ್ಟನ್ನೆಲ್ಲ ಮೊದಲು ದೊಡ್ಡಕ್ಕನಿಗೆ ಕಾಗದ ಬರೆದು ಇಳಿಸಿಕೊಳ್ಳುತ್ತಿದ್ದೆ. ಈಗ ಬರೆದರೆ ಆಕೆ ಅರ್ಧ ಓದುವಷ್ಟರಲ್ಲೇ ತಮ್ಮನಿಗೆ ಫೋನು ಮಾಡಿ, ಅವಳಿಗೇನಾಗಿದೆ ಸ್ವಲ್ಪ ನೋಡು ಎನ್ನುತ್ತಾಳೆ. ಅವನು ಬಂದು ನನ್ನ ಮುಖ ನೋಡಿಕೊಂಡು ಕೂರುತ್ತಾನೆ. ಬೇಡ ಆ ಗೋಜು.

ನಾನು ಶಾಲೆ ಕಂಡವಳಲ್ಲ. ಡ್ರಮ್ಮುಗಳ ಮೇಲಿನ ಚೀಟಿ ನೋಡಿ ನೋಡಿ ಅಕ್ಷರ ಕಲಿತೆ. ಮೊದಲು ಓದಲು ಬಂದ ಪದ 'ಎಚ್ಚರಿಕೆ'. ನಮ್ಮದು ನಲ್ಲಿ, ಬಾಗಿಲ ಹಿಡಿಕೆಗಳಿಗೆ ಹೊಳಪು ಕೊಡುವ ಶೆಡ್ಡು. ತಂತಿಯ ಕೊಕ್ಕೆಗೆ ಸಾಮಾನು ಸಿಕ್ಕಿಸಿ ತೊಟ್ಟಿಯಿಂದ ತೊಟ್ಟಿಗೆ ಅದ್ದುತ್ತಾ ಹೋಗುವುದು. ಕೊನೆಯದು ಕ್ರೋಮಿನ ತೊಟ್ಟಿ. ಅದರ ನೀರು ಬಟ್ಟೆಗೆ ಬಿದ್ದರೆ ಬಟ್ಟೆ ತೂತು. ಆ ತೊಟ್ಟಿಯ ಮುಂದೆ ನಿಲ್ಲುವವನು ನನ್ನ ತಮ್ಮ. ನಾನೇ ಎತ್ತಿ ಆಡಿಸಿ ಬೆಳೆಸಿದವನು, ಈಗ ನಲವತ್ತಾರು.

ರಬ್ಬರು ಗ್ಲೌಸಿನ ಸಂಗತಿ ಒಂದಿದೆ. ಕೊಕ್ಕೆ ಹಿಡಿಯುವುದು ಬಲಗೈ. ತಂತಿ ಚುಚ್ಚುವುದೂ ಬಲಗೈಗೇ. ಹಾಗಾಗಿ ಬಲಗೈ ಗ್ಲೌಸು ಬೇಗ ಹೋಗುತ್ತದೆ, ಎಡಗೈಯದು ಗಟ್ಟಿಮುಟ್ಟಾಗಿ ಒಂಟಿ ಉಳಿಯುತ್ತದೆ. ಅದಕ್ಕೆ ನಾನೊಂದು ಉಪಾಯ ಕಂಡುಕೊಂಡೆ. ಎಡಗೈಯದನ್ನು ಒಳಗಿನದು ಹೊರಗೆ ಬರುವ ಹಾಗೆ ತಿರುವಿದರೆ ಅದೇ ಬಲಗೈಯದಾಗುತ್ತದೆ. ಹೊಸ ಮಾಲು ಬರುವುದು ತಡವಾಗಿ ಶೆಡ್ಡು ನಿಂತುಹೋಗುವಂತಾದ ದಿನ ಮಾಡಿ ತೋರಿಸಿದೆ. ಮೇಸ್ತ್ರಿ ಎಲ್ಲರನ್ನೂ ಕರೆದು, ತಲೆ ಅಂದರೆ ಇದು ಎಂದ. ಅಂದಿನಿಂದ ನಾನು ಗ್ಲೌಸಕ್ಕ. ಒಂಟಿ ಎಡಗೈಗಳಿಗೆಂದೇ ಒಂದು ತಗಡಿನ ಡಬ್ಬ ಇಟ್ಟಿದ್ದೇನೆ.

ಇವತ್ತು ಆ ಹುಡುಗಿ ಡಬ್ಬದ ಮುಚ್ಚಳ ತೆಗೆದು ನೋಡಿ, ಮುಚ್ಚಿ, ಕೈ ತೊಳೆಯಲು ಹೋದಳು. ಅವಳು ಬೈದಿದ್ದರೂ ಇಷ್ಟು ಕೋಪ ಬರುತ್ತಿರಲಿಲ್ಲ.

ಮಾರ್ಚ್ 6, ಬುಧವಾರ

ಹನ್ನೊಂದು ಜನರ ಗ್ಲೌಸು. ಎಲ್ಲದರ ಮುಂದೂ ಕಾರಣದ ಮನೆಯಲ್ಲಿ 'ಹಳತಾಗಿದೆ' ಎಂದು ಬರೆದೆ. ಹುಡುಗಿ ಬಂದು ಓದಿ, "ಹಳತಾಗಿದೆ ಅಂದ್ರೆ ಏನಮ್ಮ? ನೀವೂ ಹಳಬರೇ, ದೋಷ ಇದ್ಯಾ?" ಎಂದಳು. ಪಕ್ಕದಲ್ಲಿ ನಿಂತಿದ್ದ ನಗೆಯಮ್ಮ ಬಿದ್ದು ಬಿದ್ದು ನಕ್ಕಳು. ಅವಳು ಕೊಕ್ಕೆಗೆ ಹಿಡಿಕೆ ಸಿಕ್ಕಿಸುವವಳು, ಯಾವುದಕ್ಕೂ ನಗುತ್ತಾಳೆ. ನನಗೆ ನಗು ಬರಲಿಲ್ಲ.

ಬೆಳಿಗ್ಗೆ ಗ್ಲೌಸು ಕೊಡುವ ಹೊತ್ತಿಗೆ ತಮ್ಮನದೇ ಒಂದು ತಲೆನೋವು. ದಿನವೂ ಎಲ್ಲರಿಗಿಂತ ಮೊದಲು ಬಂದು ನಿಲ್ಲುತ್ತಾನೆ. ಕೊಟ್ಟದ್ದನ್ನು ತೆಗೆದುಕೊಳ್ಳುವುದಿಲ್ಲ. ಕಟ್ಟೆಯ ಮೇಲಿಟ್ಟದ್ದನ್ನೆಲ್ಲ ತಾನೇ ಕೆದಕಿ, ಬೆಳಿಗ್ಗೆಗೊಂದು ಜೊತೆ, ಊಟವಾದ ಮೇಲಕ್ಕೆ ಇನ್ನೊಂದು ಜೊತೆ ಆರಿಸಿಕೊಂಡು ಹೋಗುತ್ತಾನೆ. ಅಕ್ಕ ಇದ್ದಾಳೆಂಬ ಸಲಿಗೆ. ಉಳಿದವರು ಏನೆಂದುಕೊಳ್ಳಬೇಕು.

ಆರಿಸುವಾಗ ಅವನ ಬಲಗೈ ಕಂಡಿತು. ಗಿಣ್ಣುಗಳ ಮೇಲೆ ಸಣ್ಣ ಸಣ್ಣ ಗುಳಿ, ಯಾರೋ ಪೆನ್ನಿನ ತುದಿಯಿಂದ ಕೊರೆದ ಹಾಗೆ. ಕೇಳಿದರೆ ಸೋಪು ಬದಲಾಯಿಸಿದ್ದೇವೆ ಎಂದ.

ಮಾರ್ಚ್ 7, ಗುರುವಾರ

ಅವನ ಮನೆಗೆ ನನ್ನ ಸೋಪು ಕೊಟ್ಟು ಬಂದೆ. ಹುಡುಗಿ ಇವತ್ತು ನನ್ನ ತಂಟೆಗೆ ಬರಲಿಲ್ಲ. ಪಟ್ಟಿ ಹಿಡಿದು ತೊಟ್ಟಿಗಳ ಸುತ್ತ ಸುತ್ತುತ್ತಿದ್ದಳು. ಶೆಡ್ಡಿನಲ್ಲಿ ಅವಳಿಗೆ ಪಟ್ಟಿ ಮೇಡಂ ಎಂದು ಹೆಸರು ಬಿದ್ದಾಗಿದೆ. ಇಟ್ಟವಳು ನಾನೇ.

ಮಾರ್ಚ್ 12, ಮಂಗಳವಾರ

ಸೋಪು ಬದಲಾದರೂ ಗುಳಿ ಮುಚ್ಚಲಿಲ್ಲ, ಇನ್ನೊಂದು ಬಿದ್ದಿದೆ, ತೋರುಬೆರಳಿನ ಉಗುರಿನ ಬುಡದಲ್ಲಿ. ನೋವಿಲ್ಲವಂತೆ, ತುರಿಕೆಯಂತೆ. ನೋವಿಲ್ಲದ ಗಾಯ ನನಗೆ ಹಿಡಿಸುವುದಿಲ್ಲ.

ಸಂಜೆ ಅವನ ಮನೆಗೆ ಹೋದೆ. ಅಂಗಿಯ ಗುಂಡಿ ಹಾಕಲು ಬೆರಳು ಬಾಗುವುದಿಲ್ಲವೆಂದು ಅವನ ಹೆಂಡತಿಯೇ ಹಾಕುತ್ತಿದ್ದಳು. ನಾನು, ಪಾತ್ರೆ ತೊಳೆಯುವ ಪುಡಿ ಇರಬೇಕು, ನೀನು ಅವನ ಕೈಲಿ ಪಾತ್ರೆ ತೊಳೆಸುತ್ತೀಯಲ್ಲ ಎಂದೆ. ಅವಳು ಗುಂಡಿಯಿಂದ ಕಣ್ಣೆತ್ತಲಿಲ್ಲ.

"ಪಾತ್ರೆನ ಒಂದೇ ಕೈಲಿ ತೊಳೀತಾರಾ ಅತ್ತಿಗೆ? ಎಡಗೈ ನೋಡಿ. ಕನ್ನಡಿ ಇದ್ದ ಹಾಗಿದೆ."

ಮಾತಿಗೆ ಮಾತು ಸೇರಿಸುವುದು ಅವಳ ಹುಟ್ಟುಗುಣ. ಆದರೂ ದಾರಿಯುದ್ದಕ್ಕೂ ಅದೇ ತಲೆಯಲ್ಲಿ ಕೊರೆಯಿತು. ಬಲಗೈಗೆ ಮಾತ್ರ ಬರುವಂಥದ್ದು ಏನು? ಪೆನ್ನು ಹಿಡಿಯುವವನಲ್ಲ. ಬಸ್ಸಿನ ಕಂಬಿ ಇರಬಹುದು.

ಮಾರ್ಚ್ 15, ಶುಕ್ರವಾರ

ಡಾಕ್ಟರು ಅವನ ಕೈಯನ್ನು ದೀಪದ ಕೆಳಗೆ ಹಿಡಿದು ನೋಡಿ ಒಂದೇ ಮಾತು ಕೇಳಿದರಂತೆ, ಯಾವ ತೊಟ್ಟಿ ಎಂದು. ತೊಟ್ಟಿಯ ನೀರು ಚರ್ಮಕ್ಕೆ ತಾಗಿದೆ, ಒಂದು ದಿನದ್ದಲ್ಲ, ಬಹಳ ದಿನದಿಂದ ತಾಗುತ್ತಾ ಬಂದಿದೆ. ಹೀಗೇ ಬಿಟ್ಟರೆ ಗುಳಿ ಎಲುಬಿನವರೆಗೂ ಇಳಿಯುತ್ತದೆ. ಒಂದು ತಿಂಗಳು ತೊಟ್ಟಿಯ ಹತ್ತಿರ ಸುಳಿಯಬಾರದು, ಆಮೇಲೂ ಗುಣವಾಗದಿದ್ದರೆ ಆ ಕೆಲಸ ಬಿಡಬೇಕು. ಮೇಸ್ತ್ರಿ ಇನ್ನೊಂದು ಸೇರಿಸಿದ್ದಾನೆ: ತೊಟ್ಟಿ ಬಿಟ್ಟರೆ ಅವನಿಗೆ ಇಲ್ಲಿ ಬೇರೆ ಜಾಗವಿಲ್ಲ.

ಇಪ್ಪತ್ತೆರಡು ವರ್ಷ ಆ ತೊಟ್ಟಿಯ ಮುಂದೆ ನಿಂತವನು. ಬಣ್ಣ ನೋಡಿಯೇ ನೀರು ಹದವಾಗಿದೆಯೋ ಇಲ್ಲವೋ ಹೇಳುತ್ತಾನೆ. ಆ ಕೈ ಹೋದರೆ ಅವನಲ್ಲಿ ಉಳಿಯುವುದೇನು?

ನೀರು ತಾಗಿದೆಯಂತೆ. ಎಲ್ಲಿಂದ ತಾಗಿತು? ಅವನಿಗೆ ಗ್ಲೌಸು ಕೊಟ್ಟವಳು ನಾನು. ಒಂದೊಂದನ್ನೂ ತೊಳೆದು, ನೆರಳಿನಲ್ಲಿ ಬೆರಳು ಮೇಲಾಗಿ ನೇತುಹಾಕಿ ಒಣಗಿಸಿ, ಮುಖಕ್ಕೆ ಹಚ್ಚುವ ಪುಡಿ ಹಾಕಿ ಕೊಟ್ಟದ್ದು. ತೂತಿರಲಿಲ್ಲ. ಹೇಳಿದರೆ ಯಾರು ಕೇಳುತ್ತಾರೆ, ಎಲ್ಲರೂ ನನ್ನ ಕಿಟಕಿಯ ಕಡೆಗೇ ನೋಡುತ್ತಾರೆ.

ಮಾರ್ಚ್ 16, ಶನಿವಾರ

ಪಟ್ಟಿ ಮೇಡಂ ಎಲ್ಲರನ್ನೂ ಕೂರಿಸಿ ಗ್ಲೌಸಿನ ಪಾಠ ಮಾಡಿದಳು. ಹಾಕಿಕೊಳ್ಳುವ ಮೊದಲು ಹೊರಗೆ ನೋಡಿ, ಒಳಗೂ ನೋಡಿ. ಬೆರಳ ಸಂದು ಹಿಗ್ಗಿಸಿ ನೋಡಿ. ಅಂಟಂಟಾಗಿದೆಯೇ, ಸೆಟೆದಿದೆಯೇ, ಉಬ್ಬಿದೆಯೇ. ಗ್ಲೌಸಿನ ಬಾಯಿಯನ್ನು ಸುತ್ತಿ ಗಾಳಿ ಹಿಡಿದಿಟ್ಟು ಅದುಮಿ, ಕೆನ್ನೆಯ ಹತ್ತಿರ ತನ್ನಿ, ತೂತಿದ್ದರೆ ಗಾಳಿ ತಾಗುತ್ತದೆ. ತೆಗೆಯುವ ಮೊದಲು ಕೈಯಲ್ಲಿರುವಾಗಲೇ ನೀರಿನಲ್ಲಿ ತೊಳೆಯಿರಿ. ಹೊರಮೈಯನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಗೊತ್ತಿಲ್ಲದ್ದೇನಿದೆ ಇದರಲ್ಲಿ? ಆಮೇಲೆ ಎಲ್ಲರ ಮುಂದೆ ನನ್ನ ಡಬ್ಬದಿಂದ ಒಂದು ಗ್ಲೌಸು ತೆಗೆದು, ಹೀಗೆ ತಿರುವಿ ಕೊಡುವುದು ಇವತ್ತಿಗೆ ನಿಲ್ಲಬೇಕು ಎಂದಳು. ನಿನ್ನೆ ತೊಟ್ಟಿಯಲ್ಲಿ ಅದ್ದಿದ ಮೈ ಇವತ್ತು ಕೈಗೆ ತಾಗುತ್ತದೆ ಎಂದಳು.

ನಾನು ಎದ್ದು ನಿಂತೆ. ತಿರುವಿದ್ದು ಕೊಡುವುದು ನಾಲ್ಕು ವರ್ಷದಿಂದ. ದಿನಕ್ಕೆ ಒಂದೋ ಎರಡೋ, ಯಾರಿಗೆ ಬರುತ್ತದೋ ಅವರಿಗೆ. ಹನ್ನೊಂದು ಜನ ಇದ್ದಾರೆ. ತಪ್ಪು ಗ್ಲೌಸಿನದಾದರೆ ಹನ್ನೊಂದು ಜನರ ಕೈಯೂ ಹಾಗಾಗಬೇಕಿತ್ತು. ನನ್ನ ತಮ್ಮ ಒಬ್ಬನದೇ ಯಾಕೆ ಎಂದು ಕೇಳಿದೆ.

ಅವಳು ಪಟ್ಟಿ ನೋಡಿಕೊಂಡಳು. ಗೆದ್ದೆ ಅನ್ನಿಸಿತು.

ಮಾರ್ಚ್ 18, ಸೋಮವಾರ

ಹೊಸ ಮಾಲು ಇನ್ನೂ ಬಂದಿಲ್ಲ. ಬಲಗೈಯದು ಎರಡು ಕಡಿಮೆ. ಮೇಡಂ ಮೀಟಿಂಗಿಗೆ ಹೋಗಿದ್ದಳು. ಮೇಸ್ತ್ರಿ ಕಿಟಕಿಯಲ್ಲಿ ತಲೆ ಹಾಕಿ, "ಏನಾದ್ರೂ ಮಾಡು ಗ್ಲೌಸಕ್ಕ" ಎಂದ. ಮಾಡಿದೆ. ಡಬ್ಬದಿಂದ ಎರಡು ತೆಗೆದು ತಿರುವಿ ಇಟ್ಟೆ. ಇವತ್ತೂ ಮಾಡಿದೆ, ನಾಳೆಯೂ ಮಾಡುತ್ತೇನೆ. ಮುಂದಿನ ಕಡೆಯ ಪುಟದಲ್ಲಿ ಬರೆಯಲಿಲ್ಲ.

ತಮ್ಮ ಇಲ್ಲದ ಕಿಟಕಿ ಬಿಕೋ ಎನ್ನುತ್ತದೆ. ಕೆದಕುವವರಿಲ್ಲ, ಕೊಟ್ಟದ್ದನ್ನು ತೆಗೆದುಕೊಂಡು ಹೋಗುತ್ತಾರೆ.

ಮಾರ್ಚ್ 22, ಶುಕ್ರವಾರ

ನಗೆಯಮ್ಮ ಇವತ್ತು ನಗಲಿಲ್ಲ. ಬಲಗೈಯ ಹಿಂಬದಿಯನ್ನು ಸೀರೆಗೆ ಉಜ್ಜಿಕೊಳ್ಳುತ್ತಾ ನಿಂತಿದ್ದಳು. ನೋಡಿದೆ. ಕೆಂಪಗೆ, ಬೆರಳ ಸಂದಿಯಲ್ಲಿ ಚುಕ್ಕಿ ಚುಕ್ಕಿ. ಸೋಮವಾರದಿಂದ ತುರಿಸುತ್ತಿದೆಯಂತೆ.

ಸೋಪು ಎಂದು ಬಾಯಿಗೆ ಬಂತು. ಹೇಳಲಿಲ್ಲ.

"ತಿರುವಿದ್ದು ಈ ವಾರಾನೇ ಅಕ್ಕ ನನ್ನ ಕೈಗೆ ಬಂದಿದ್ದು," ಎಂದಳು. "ಮೊದ್ಲು ಯಾವತ್ತೂ ಸಿಕ್ತಿರ್ಲಿಲ್ಲ."

ನಾಲ್ಕು ವರ್ಷದಲ್ಲಿ ಯಾವತ್ತೂ ಇಲ್ಲವೇ ಎಂದೆ. ಯಾವತ್ತೂ ಇಲ್ಲವಂತೆ. ಪಕ್ಕದ ತೊಟ್ಟಿಯವನನ್ನು ಕೇಳಿದೆ. ಅವನಿಗೂ ಇಲ್ಲವಂತೆ. ಹಾಗಾದರೆ ದಿನವೂ ಇಡುತ್ತಿದ್ದ ಒಂದೆರಡು ಎಲ್ಲಿಗೆ ಹೋಗುತ್ತಿದ್ದವು? ನನಗೇನೂ ತಿಳಿಯುತ್ತಿಲ್ಲ. ತಲೆ ಚಿಟ್ಟು ಹಿಡಿದಿದೆ.

ಮಾರ್ಚ್ 25, ಸೋಮವಾರ

ಊಟದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡೆ. ತಮ್ಮ ಕೊನೆಯ ದಿನ ಹಾಕಿದ್ದ ಬಲಗೈ ಗ್ಲೌಸು ಗೂಟದಲ್ಲೇ ಇತ್ತು. ನಾನೇ ತೊಳೆದದ್ದು, ನಾನೇ ತಿರುವಿದ್ದು. ಹೊರಗೆ ನೋಡಿದೆ, ಚೊಕ್ಕ. ಗಾಳಿ ಹಿಡಿದು ಕೆನ್ನೆಗೆ ತಂದೆ, ತೂತಿಲ್ಲ. ಇಲ್ಲಿಗೇ ಬಿಡಬಹುದಿತ್ತು.

ಮೇಡಂ ಹೇಳಿದ್ದು ಒಳಗೂ ನೋಡಿ ಎಂದು. ಒಳಗೆ ಕತ್ತಲೆ, ನನ್ನ ಕಣ್ಣಿಗೆ ಏನು ಕಾಣುತ್ತದೆ? ಹಳೆಯ ಬಿಳಿ ಬಟ್ಟೆ ಹರಿದು, ಒದ್ದೆ ಮಾಡಿ, ಒಂದು ಕಡ್ಡಿಯಿಂದ ತೋರುಬೆರಳಿನ ತುದಿಯವರೆಗೂ ತುರುಕಿದೆ. ಸ್ವಲ್ಪ ಹೊತ್ತು ಹಾಗೇ ಇಟ್ಟೆ. ಬೆವರಿದ ಕೈ ಒಳಗಿದ್ದ ಹಾಗೆ ಇರಲಿ ಎಂದು.

ಬಟ್ಟೆ ಹಳದಿಯಾಗಿ ಬಂತು.

ಇನ್ನೊಂದು ಚೂರು ಹಾಕಿದೆ. ಅದೂ ಹಳದಿ. ಡಬ್ಬದಲ್ಲಿ ತಿರುವಿ ಇಟ್ಟಿದ್ದ ಬೇರೆ ಎರಡಕ್ಕೂ ಹಾಕಿದೆ. ತೊಟ್ಟಿಯ ನೀರಿನದೇ ಬಣ್ಣ. ನಾನು ತೊಳೆದದ್ದು ಬರೀ ಮೇಲ್ಮೈಯನ್ನು. ರಬ್ಬರು ಕುಡಿದುಕೊಂಡದ್ದು, ಸಂದಿಯಲ್ಲಿ ಕೂತದ್ದು, ಎಲ್ಲ ಹಾಗೇ ಇತ್ತು. ಅದನ್ನು ಒಳಗೆ ಮಾಡಿ, ಮೇಲೆ ಪುಡಿ ಹಾಕಿ, ಘಮ್ಮೆನ್ನುವ ಹಾಗೆ ಮಾಡಿ ಕೊಟ್ಟಿದ್ದೇನೆ.

ಮಾರ್ಚ್ 26, ಮಂಗಳವಾರ

ಹೋಗಲಿಲ್ಲ ಕೆಲಸಕ್ಕೆ.

ಮಾರ್ಚ್ 28, ಗುರುವಾರ

ತಮ್ಮನ ಮನೆಗೆ ಹೋದೆ. ಹಳದಿ ಬಟ್ಟೆಯ ಚೂರನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದೆ. ಹೇಳಲು ದಾರಿಯಲ್ಲಿ ಏನೇನೋ ಜೋಡಿಸಿಕೊಂಡಿದ್ದೆ, ಅವನ ಎದುರು ಕೂತ ಮೇಲೆ ಒಂದೂ ನೆನಪಾಗಲಿಲ್ಲ. ಪೊಟ್ಟಣ ಬಿಚ್ಚಿ ಮುಂದಿಟ್ಟೆ. ಇದು ನಿನ್ನ ಗ್ಲೌಸಿನ ಒಳಗಿಂದ ಬಂದದ್ದು, ನಿನ್ನ ಕೈಗೆ ಹೀಗೆ ಮಾಡಿದವಳು ನಾನು ಎಂದೆ.

ಅವನು ಬಟ್ಟೆಯನ್ನು ನೋಡಿದ. ಆಶ್ಚರ್ಯಪಡಲಿಲ್ಲ. ಅದು ನನಗೆ ವಿಚಿತ್ರವೆನಿಸಿತು.

"ಗೊತ್ತಿತ್ತು ಕಣಕ್ಕ."

ಎಂದಿನಿಂದ ಎಂದು ಕೇಳಿದೆ. ಮೊದಲ ವರ್ಷದಿಂದಲೇ ಅಂತೆ. ತಿರುವಿದ್ದು ಹಾಕಿಕೊಂಡ ದಿನ ಕೈ ಉರಿಯುತ್ತಿತ್ತು, ಸರಿಯಾದದ್ದು ಹಾಕಿಕೊಂಡ ದಿನ ಇಲ್ಲ. ಮತ್ತೆ ಯಾಕೆ ಹಾಕಿಕೊಂಡೆ, ಬಾಯಿ ಇರಲಿಲ್ಲವೇ, ಬೇರೆಯದು ಆರಿಸಿಕೊಳ್ಳಬಾರದಿತ್ತೇ, ದಿನವೂ ಎಲ್ಲರಿಗಿಂತ ಮೊದಲು ಬಂದು ಕೆದಕುತ್ತಿದ್ದೆಯಲ್ಲ ಎಂದು ರೇಗಿದೆ. ರೇಗುತ್ತಿರುವಾಗಲೇ, ಆ ಮಾತು ಬಾಯಲ್ಲಿರುವಾಗಲೇ, ನನಗೆ ತಿಳಿಯಿತು. ಅವನು ಕೆದಕುತ್ತಿದ್ದದ್ದು ಒಳ್ಳೆಯದನ್ನು ಆರಿಸಲು ಅಲ್ಲ.

"ನಾನು ಬಿಟ್ರೆ ಬೇರೆಯವ್ರ ಕೈಗೆ ಹೋಗೋದು," ಎಂದ. "ಅವ್ರಿಗೇನಾದ್ರೂ ಆದ್ರೆ ನಿನ್ನ ಹೆಸರು ಹೇಳೋರು. ನೀನು ಅದನ್ನ ಕಂಡುಹಿಡ್ದ ದಿನ ಎಷ್ಟು ಖುಷಿಯಾಗಿದ್ದೆ ಗೊತ್ತಾ. ನಿನ್ನ ಮುಖ ಹಾಗಿದ್ದದ್ದು ನಾನು ಅವತ್ತೇ ನೋಡಿದ್ದು."

ಅವನ ಹೆಂಡತಿ ಒಳಗಿನಿಂದ ಬಂದು ಬಾಗಿಲಿಗೆ ಒರಗಿದ್ದಳು. ಅವಳಿಗೂ ಇದು ಗೊತ್ತಿರಲಿಲ್ಲ. "ಅಕ್ಕ ತಮ್ಮ ಇಬ್ರೂ ಸೇರಿ ಒಂದು ಕೈ ತಿಂದ್ರಿ," ಎಂದಳು. ಇಷ್ಟು ವರ್ಷದಲ್ಲಿ ಅವಳ ಒಂದು ಮಾತಿಗೂ ನಾನು ಹೌದು ಎಂದವಳಲ್ಲ. ಇವತ್ತು ಹೌದು ಎಂದೆ.

ಪೆದ್ದ. ನಲವತ್ತಾರು ವರ್ಷದ ಪೆದ್ದ. ನನ್ನ ಮುಖ ಹೇಗಿದ್ದರೆ ಏನಂತೆ.

ಏಪ್ರಿಲ್ 2, ಮಂಗಳವಾರ

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಡಬ್ಬ ಮತ್ತು ಬಟ್ಟೆಯ ಚೂರು ಎರಡನ್ನೂ ಮೇಡಂ ಅವರ ಮೇಜಿನ ಮೇಲಿಟ್ಟೆ. ಅವರು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದೆ. ಕೇಳಿದವಳು ನಾನು, ಉತ್ತರಕ್ಕೆ ಪಟ್ಟಿ ನೋಡಿಕೊಂಡವರು ಅವರು. ಅದು ಆಮೇಲೆ ನೆನಪಾಯಿತು. ಒಬ್ಬನದೇ ಕೈ ಯಾಕೆ ಎಂಬುದನ್ನು ಹೇಳಿದೆ. ಅವರು ಬಟ್ಟೆಯ ಚೂರನ್ನು ಬೆಳಕಿಗೆ ಹಿಡಿದು ನೋಡಿದರು. ನಾನು ಹೇಳಿದ್ದೆನಲ್ಲ ಎನ್ನುತ್ತಾರೆಂದು ಕಾದೆ. ಹೇಳಲಿಲ್ಲ. ಹದಿನೆಂಟನೆಯ ತಾರೀಕಿನಿಂದ ತಿರುವಿ ಕೊಟ್ಟು, ಪುಟದಲ್ಲಿ ಬರೆಯದೆ ಬಿಟ್ಟದ್ದನ್ನೂ ನಾನೇ ಬಾಯಿಬಿಟ್ಟೆ.

ಮೇಸ್ತ್ರಿ ಓಡಿ ಬಂದು, ಹೊಸದು ಬರುವವರೆಗೆ ಏನು ಮಾಡುವುದು, ತೊಟ್ಟಿ ನಿಲ್ಲಿಸಬೇಕೇ ಎಂದ. ನಿಲ್ಲಿಸಿ ಎಂದೆ. ತಲೆ ಅಂದರೆ ಇದು ಎಂದವನು ಇವತ್ತು ನನ್ನ ತಲೆಯ ಬಗ್ಗೆ ಬೇರೆಯದೇ ಮಾತು ಹೇಳಿದ. ಎರಡು ದಿನ ಕ್ರೋಮಿನ ತೊಟ್ಟಿ ನಿಲ್ಲುತ್ತದೆ. ಮೇಡಂ ಸಹಿ ಹಾಕಿದರು.

ಮಧ್ಯಾಹ್ನವೆಲ್ಲ ಕತ್ತರಿ ಹಿಡಿದು ಕೂತೆ. ಇಪ್ಪತ್ತೇಳು ಎಡಗೈ. ಬರೀ ಎಸೆದರೆ ಯಾರಾದರೂ ಹೆಕ್ಕಿ ಹಾಕಿಕೊಳ್ಳುತ್ತಾರೆ, ಬೆರಳು ಕತ್ತರಿಸಿಯೇ ಎಸೆಯಬೇಕು. ಹೊರಗಿನಿಂದ ಎಲ್ಲವೂ ಚೊಕ್ಕ. ಕತ್ತರಿಸುವಾಗ ಕೈ ತಡೆಯುತ್ತಿತ್ತು, ಹಾಳು ಅಭ್ಯಾಸ. ನಗೆಯಮ್ಮ ಬಂದು ಪಕ್ಕದಲ್ಲಿ ಕೂತಳು. ಅವಳ ಕೈಯನ್ನು ಮೇಡಂ ಅವರೇ ಡಾಕ್ಟರಿಗೆ ತೋರಿಸಿದ್ದಾರೆ, ಬೇಗ ಸಿಕ್ಕಿದ್ದರಿಂದ ಭಯವಿಲ್ಲವಂತೆ. ಕತ್ತರಿಸಿದ ಬೆರಳುಗಳ ರಾಶಿ ನೋಡಿ ಅವಳು ಏನೋ ಹೇಳಿ ನಕ್ಕಳು, ನನಗೂ ನಗು ಬಂತು, ಬಂದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಏಪ್ರಿಲ್ 9, ಮಂಗಳವಾರ

ಮನೆಯಲ್ಲಿ ಕಕ್ಕಸು ತೊಳೆಯುವ ಗ್ಲೌಸನ್ನೂ ಗಾಳಿ ಹಿಡಿದು ಕೆನ್ನೆಗೆ ತಂದೆ. ತೂತಿತ್ತು. ಎಷ್ಟು ದಿನದಿಂದಲೋ.

ಏಪ್ರಿಲ್ 17, ಬುಧವಾರ

ತಮ್ಮ ಬಂದ. ಗಾಯ ಮಾಯುತ್ತಿದೆಯೆಂದು ಡಾಕ್ಟರು ಒಪ್ಪಿದ್ದಾರೆ, ಆದರೆ ವಾರಕ್ಕೊಮ್ಮೆ ಕೈ ತೋರಿಸಬೇಕು, ಹೊಸ ಗುಳಿ ಒಂದು ಕಂಡರೂ ತೊಟ್ಟಿ ಬಿಡಬೇಕು. ಈ ಸಲವೂ ಎಲ್ಲರಿಗಿಂತ ಮೊದಲೇ ಬಂದು ಕಿಟಕಿಯೊಳಗೆ ಕೈ ಚಾಚಿದ, ಹಳೆಯ ಚಾಳಿ. ಹೊರಗೆ ನಿಲ್ಲು ಎಂದೆ. ಕಟ್ಟೆಯ ಮೇಲೆ ಈಗ ಏನನ್ನೂ ಇಡುವುದಿಲ್ಲ, ಒಬ್ಬೊಬ್ಬರಿಗೂ ಅವರವರ ಗೂಟ, ಅವರವರ ಗ್ಲೌಸು.

ಅವನ ಹೊಸ ಜೊತೆ ತೆಗೆದು ಹೊರಗೆ ನೋಡಿದೆ. ಬ್ಯಾಟರಿ ಹಾಕಿ ಒಳಗೆ ನೋಡಿದೆ. ಬೆರಳ ಸಂದು ಹಿಗ್ಗಿಸಿದೆ. ಗಾಳಿ ತುಂಬಿ ಈ ಕೆನ್ನೆಗೆ, ಆ ಕೆನ್ನೆಗೆ. ಮತ್ತೆ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ನೋಡಿದೆ. ಅವನ ಹಿಂದೆ ಸಾಲು ಬೆಳೆಯಿತು. ಯಾರೋ ಗೊಣಗಿದರು. ಗೊಣಗಲಿ.

"ಸಂಜೆಯೊಳಗಾದ್ರೂ ಕೊಡ್ತೀಯೇನಕ್ಕ?" ಎಂದ.

ಮೊದಲು ಕೈ ತೋರಿಸು ಎಂದೆ. ತೋರಿಸಿದ. ಹೊರಗೆ ನೋಡಿದೆ, ಬೆರಳ ಸಂದು ಹಿಗ್ಗಿಸಿ ನೋಡಿದೆ. ನಾಲ್ಕು ಗುಳಿಯಲ್ಲಿ ಮೂರು ಮುಚ್ಚಿ ಬೆಳ್ಳಗೆ ಕಲೆಯಾಗಿವೆ. ಉಗುರಿನ ಬುಡದ್ದು ಇನ್ನೂ ಪೂರ್ತಿ ಕೂಡಿಲ್ಲ, ಮೇಲೆ ಗಾಯದ ಪಟ್ಟಿ ಸುತ್ತಿದ್ದಾರೆ. ಆ ಉಗುರು ಇನ್ನು ಸರಿಯಾಗಿ ಬೆಳೆಯುವುದಿಲ್ಲವಂತೆ. ಮುಂದಿನ ಕಡೆಯಿಂದ ಪುಸ್ತಕ ತೆರೆದು ಬರೆದೆ. ಬಲಗೈ. ದೋಷ: ನಾಲ್ಕು ಗುಳಿ, ಒಂದು ಬಾಕಿ. ಕಾರಣದ ಮನೆಗೆ ಬಂದು ಪೆನ್ನು ನಿಂತಿತು. ನನ್ನ ಹೆಸರಿನ ಮೊದಲ ಅಕ್ಷರ ಬರೆಯುವಷ್ಟರಲ್ಲಿ ಅವನು ಕಿಟಕಿಯಿಂದ ಬಗ್ಗಿ ಇಣುಕಿದ.

"ಹಳತಾಗಿದೆ ಅಂತ ಬರಿ," ಎಂದ.

ಬರೆಯಲಿಲ್ಲ. ಹೆಸರನ್ನೇ ಪೂರ್ತಿ ಮಾಡಿ, ಕೆಳಗೆ ಸಹಿ ಹಾಕಿ, ಈಗ ಎಡಗೈ ತೋರಿಸು ಎಂದೆ.